ಇರುಸು ಬದಲಾದ ಗಾಡಿಯ ಎತ್ತರ

ಎತ್ತಿನ ಗಾಡಿಯಲ್ಲಿ ಚೌಕಟ್ಟು ನೇರವಾಗಿ ಇರುಸಿನ ಮೇಲೆ ಕುಳಿತಿರುವುದನ್ನು ಊರಿಗೆ ಹೋದಾಗ ನೀವು ಕಂಡಿರಬಹುದು. ಗಾಲಿಯು ಕಲ್ಲನ್ನೇರಿದರೆ ಗಾಡಿಯೂ ಏರುತ್ತದೆ. ಮೋಟಾರಿನಲ್ಲಿ ಹಾಗಲ್ಲ, ಇರುಸಿಗೂ ಚೌಕಟ್ಟಿಗೂ ನಡುವೆ ಸ್ಪ್ರಿಂಗು ಉಂಟು. ಜೀಪು, ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಹಳೆಯ ವಾಹನಗಳ ಹಿಂಭಾಗದಲ್ಲಿ ಇರುವುದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಪಟ್ಟಿ ಸ್ಪ್ರಿಂಗು. ನಮ್ಮ ಪುಣೆಯ ಕೆಲಸಗಾರರು ಇದನ್ನು ‘ಪಾಟಾ’ ಎನ್ನುತ್ತಾರೆ.

ಪುಣೆಯ ಬಾಲಕರಿಗೆ ಮೋಟಾರಿನ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಪಿಂಪ್ರಿ, ಚಿಂಚವಡ, ಆಕುರ್ಡಿಗಳು ವಾಹನದ ಕಾರ್ಖಾನೆಗಳಿಂದಲೇ ಹೆಸರಾದವು. ಪೌಡ ರಸ್ತೆಯ ಬಳಿಯ ಗುಡ್ಡದ ಮೇಲಿರುವ ಎ.ಆರ್.ಎ.ಐ. ಎಂಬ ವಾಹನ ಸಂಶೋಧನ ಸಂಸ್ಥೆಯು ೧೯೬೬ರಲ್ಲಿ ಸ್ಥಾಪಿತವಾದುದು. ಆದರೆ ಇಲ್ಲಿ ನಾವು ವಿಚಾರಮಾಡತಕ್ಕದ್ದು ಗಲ್ಲಿಯ ಸಣ್ಣ ಗ್ಯಾರೇಜಿನ ಕೆಲಸವನ್ನು. ಹಳೆಯ ಜೀಪಿನ ಹಿಂದಿನ ಇರುಸು ಕೆಟ್ಟು, ಅದೇ ಜಾತಿಯದು ದೊರೆಯದಿದ್ದಾಗ, ಬೇರೊಂದು ಗಾಡಿಯದನ್ನು ತಂದು ಕೂಡಿಸುವುದುಂಟು. ಕೆಲಸ ಮುಗಿದು ಗಾಡಿಯನ್ನು ನೆಲಕ್ಕಿಳಿಸಿದರೆ ಹಿಂಭಾಗವು ಮೊದಲಿಗಿಂತ ಎತ್ತರವಾಗಿ, ಇಲ್ಲವೆ ತಗ್ಗಾಗಿ ನಿಲ್ಲುತ್ತದೆ. ಇದೇಕೆ?

‘ಹೊಸ ಇರುಸು ಭಾರವಾಗಿದೆ, ಅದಕ್ಕೇ ಗಾಡಿ ಕುಸಿದಿದೆ’ ಎಂದು ಅನೇಕರು ಥಟ್ಟನೆ ಹೇಳಿಬಿಡುತ್ತಾರೆ. ಈ ಉತ್ತರ ತಪ್ಪು. ರಾಬರ್ಟ್ ಹುಕ್ ೧೬೭೮ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ: ಭಾರ ಎಷ್ಟು ಪಟ್ಟು ಹೆಚ್ಚುವುದೋ ಸ್ಪ್ರಿಂಗಿನ ಬಾಗೂ ಅಷ್ಟು ಪಟ್ಟು ಹೆಚ್ಚುವುದು. ಆದರೆ ಯಾವ ಭಾರ? ಸ್ಪ್ರಿಂಗಿನ ಮೇಲೆ ಕುಳಿತಿರುವ ಭಾರ ಮಾತ್ರ. ಇರುಸು ಸ್ಪ್ರಿಂಗಿನ ಮೇಲಿಲ್ಲ, ಗಾಲಿಗಳ ಮೇಲಿದೆ. ಅದು ಇಪ್ಪತ್ತು ಕಿಲೋ ಹೆಚ್ಚು ತೂಗಿದರೂ ಟಯರು ತುಸು ಅಮರುವುದೇ ಹೊರತು ಸ್ಪ್ರಿಂಗಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ.

ನಿಜವಾದ ಕಾರಣವು ಭಾರದಲ್ಲಿಲ್ಲ, ಅಳತೆಯಲ್ಲಿದೆ. ಇರುಸಿನ ಕೊಳವೆಗೆ ಬೆಸೆದ ಚಿಕ್ಕ ಪೀಠದ ಮೇಲೆ ಸ್ಪ್ರಿಂಗು ಕೂರುತ್ತದೆ. ಉದಾಹರಣೆಗೆ, ಹಳೆಯ ಕೊಳವೆಯ ವ್ಯಾಸ ೬೦ ಮಿಲಿಮೀಟರು, ಪೀಠದ ಎತ್ತರ ೨೦ ಎಂದಿಟ್ಟುಕೊಳ್ಳೋಣ. ಇರುಸಿನ ನಡುವಿನಿಂದ ಸ್ಪ್ರಿಂಗಿಗೆ ದೂರ ೩೦ ಮತ್ತು ೨೦, ಅಂದರೆ ೫೦. ಹೊಸದರ ವ್ಯಾಸ ೭೬, ಪೀಠ ೩೨ ಆದರೆ ಈ ದೂರವು ೩೮ ಮತ್ತು ೩೨, ಅಂದರೆ ೭೦. ಸ್ಪ್ರಿಂಗು ಇರುಸಿನ ಮೇಲಿರುವ ಗಾಡಿಯಾದರೆ ಹಿಂಭಾಗ ೨೦ ಮಿಲಿಮೀಟರು ಏರುತ್ತದೆ. ಸ್ಪ್ರಿಂಗನ್ನು ಇರುಸಿನ ಕೆಳಗೆ ಕಟ್ಟಿದ ಗಾಡಿಗಳೂ ಇವೆ. ಅಂಥದ್ದು ಅಷ್ಟೇ ಇಳಿಯುತ್ತದೆ! ಒಂದೇ ಇರುಸು ಒಂದು ಗಾಡಿಯನ್ನು ಎತ್ತಿ ಇನ್ನೊಂದನ್ನು ತಗ್ಗಿಸುವುದರ ಗುಟ್ಟು ಇಷ್ಟೇ.

ಆದುದರಿಂದ ಮೊದಲು ಕೈಗೆ ಬರತಕ್ಕದ್ದು ಸುತ್ತಿಗೆಯಲ್ಲ, ಅಳತೆಪಟ್ಟಿ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟಯರಿನ ಗಾಳಿಯ ಹೆಚ್ಚುಕಡಮೆಯೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಇರುಸು ಬಿಚ್ಚುವ ಮೊದಲೇ ಹೀಗೆ ಅಳೆದು ಬರೆದಿಟ್ಟವನು ಜಾಣ.

ಇನ್ನೊಂದು ಸೂಕ್ಷ್ಮವುಂಟು. ಸ್ಪ್ರಿಂಗಿನ ತುದಿಗಳ ಕಣ್ಣುಗಳಲ್ಲಿ ರಬ್ಬರಿನ ಬುಷ್‌ಗಳಿರುತ್ತವೆ. ಗಾಡಿ ಜ್ಯಾಕಿನ ಮೇಲಿದ್ದು ಇರುಸು ಜೋತಾಡುತ್ತಿರುವಾಗಲೇ ಅಲ್ಲಿನ ಬೋಲ್ಟುಗಳನ್ನು ಬಿಗಿದರೆ, ಇಳಿಸಿದ ಮೇಲೆ ರಬ್ಬರು ತಿರುಚಿಕೊಂಡು ಗಾಡಿಯನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಬೋಲ್ಟು ಸಡಿಲಿಸಿ, ಗಾಡಿಯನ್ನು ಗಾಲಿಗಳ ಮೇಲೆ ನಿಲ್ಲಿಸಿ, ನಾಲ್ಕಾರು ಸಲ ಅದುಮಿ ಅಲುಗಿಸಿ, ಆಮೇಲೆ ಬಿಗಿಯಬೇಕು. ಎಷ್ಟೋ ವೇಳೆ ಕಾಸಿನ ಖರ್ಚಿಲ್ಲದೆ ದೋಷ ಇಲ್ಲಿಗೇ ಪರಿಹಾರವಾಗುತ್ತದೆ.

ಆಗಲೂ ವ್ಯತ್ಯಾಸ ಉಳಿದರೆ ಪೀಠವನ್ನೇ ಸರಿಪಡಿಸಬೇಕು. ನಮ್ಮ ಉದಾಹರಣೆಯಲ್ಲಿ ೩೨ರ ಪೀಠವನ್ನು ತೆಗೆದು ೧೨ರದನ್ನು ಬೆಸೆದರೆ ದೂರ ಮತ್ತೆ ೫೦ ಆಗುತ್ತದೆ. ಸ್ಪ್ರಿಂಗು ಮೇಲಿದ್ದು ಹಿಂಭಾಗ ಕುಸಿದಿರುವ ಗಾಡಿಗೆ ಮಾತ್ರ ಪೀಠದ ಮೇಲೆ ಉಕ್ಕಿನ ದಿಮ್ಮಿಯೊಂದನ್ನಿಟ್ಟು, ಉದ್ದನೆಯ ಹೊಸ ಯು ಬೋಲ್ಟುಗಳಿಂದ ಕಟ್ಟಬಹುದು. ದಿಮ್ಮಿಯ ಮೇಲೆ ದಿಮ್ಮಿ ಪೇರಿಸುವುದು ಅಪಾಯ. ಬ್ರೇಕು ಹಾಕಿದಾಗ ಇರುಸು ತಿರುಗಲೆಳಸುತ್ತದೆ, ಎತ್ತರವಾದ ದಿಮ್ಮಿ ಅದಕ್ಕೆ ಸನ್ನೆಗೋಲಾಗುತ್ತದೆ. ಸ್ಪ್ರಿಂಗನ್ನು ಕಾಯಿಸಿ ಬಗ್ಗಿಸುವವರೂ ಉಂಟು. ಹಾಗೆ ಕಾಯಿಸಿದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಇದನ್ನು ದುರಸ್ತಿ ಎನ್ನಲು ನಾವು ಒಪ್ಪೆವು.

ಎರಡು ಬೆರಳಿನ ವ್ಯತ್ಯಾಸಕ್ಕೆ ಇಷ್ಟೊಂದು ಗದ್ದಲವೇಕೆ ಎನ್ನುವಿರೋ? ಹಿಂಭಾಗ ಕುಸಿದರೆ ದೀಪದ ಬೆಳಕು ಮೇಲೆದ್ದು, ರಾತ್ರಿ ಕಾತ್ರಜ ಘಾಟಿನಲ್ಲಿ ಎದುರು ಬರುವವನ ಕಣ್ಣು ಕುಕ್ಕುತ್ತದೆ. ಏರಿದರೆ ಇರುಸಿಗೆ ಹೋಗುವ ಬ್ರೇಕಿನ ರಬ್ಬರು ನಳಿಗೆ, ಗಾಲಿ ಹಳ್ಳಕ್ಕೆ ಇಳಿದಾಗ ಜಗ್ಗಿ ಹರಿಯಬಹುದು. ಪ್ರೊಪೆಲರ್ ಶಾಫ್ಟಿನ ಎರಡು ತುದಿಗಳ ಕೋನ ಹೊಂದದಿದ್ದರೆ ಗಾಡಿ ನಡುಗಿ, ಕೀಲು ಬೇಗ ಸವೆಯುತ್ತದೆ. ಪೀಠ ಬೆಸೆಯುವಾಗಲೇ ಈ ಕೋನವನ್ನೂ ನೋಡಿಕೊಳ್ಳಬೇಕು.

ತಯಾರಕನು ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರವು ಹೊಂದದಂತೆ ವಾಹನವನ್ನು ಮಾರ್ಪಡಿಸಕೂಡದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ವಿಧಿಸುತ್ತದೆ. ಆದುದರಿಂದ ಬೇರೆ ಜಾತಿಯ ಇರುಸನ್ನು ಕೂಡಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು. ಕೂಡಿಸಿದ ಮೇಲೆ ಇನ್ನೂರು ಮುನ್ನೂರು ಕಿಲೋಮೀಟರು ಓಡಿಸಿ, ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಎಡಬಲಗಳ ಎತ್ತರವನ್ನು ಪುನಃ ಅಳೆಯಬೇಕು.