ಕೇಳಿಸಿಯೂ ಕೇಳಿಸದ ಅಕ್ಷರ

‘ಕರೆದರೆ ಓಗೊಡುತ್ತಾನೆ, ಕಿವಿ ಚೆನ್ನಾಗಿಯೇ ಇದೆ’ ಎಂದು ತಾಯ್ತಂದೆಗಳು ಸಮಾಧಾನಪಡುವುದುಂಟು. ಆದರೆ ನಾವಾಡುವ ಮಾತು ಹಲವು ಕಂಪನಗಳ ಮಿಶ್ರಣ. ಎಷ್ಟೇ ತೊಡಕಾದ ಅಲೆಯನ್ನೂ ಸರಳವಾದ ಅಲೆಗಳಾಗಿ ಬಿಡಿಸುವ ಮಾರ್ಗವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೆ, ಶಾಖವನ್ನು ಕುರಿತ ತನ್ನ 1822ರ ಗ್ರಂಥದಲ್ಲಿ ವಿವರಿಸಿದನು. ಹಾಗೆ ಬಿಡಿಸಿದ ಒಂದೊಂದು ಅಲೆಯ ಬಲವನ್ನು ಸಾಲಾಗಿ ತೋರಿಸುವ ಚಿತ್ರವೇ ರೋಹಿತ.

‘ಆ’ಕಾರದ ಬಲ ಬಹುಪಾಲು ಸೆಕೆಂಡಿಗೆ 1500 ಕಂಪನಗಳ ಕೆಳಗಿದೆ, ‘ಸ’ಕಾರದ್ದು 4000ದ ಆಚೀಚೆ ಮತ್ತು ಅದಕ್ಕೂ ಮೇಲೆ. ಆ ಮೇಲಿನ ಕಂಪನಗಳಿಗೆ ಮಾತ್ರ ಕಿವುಡಾದ ಮಗು ಕರೆದರೆ ತಿರುಗಿ ನೋಡುತ್ತದೆ. ಆದರೆ ‘ಸರ’ ಎಂದರೆ ಅದಕ್ಕೆ ‘ಅರ’ ಎಂದು ಕೇಳಬಹುದು. ಕೇಳಿದಂತೆಯೇ ನುಡಿಯುತ್ತದೆ.

ಈ ಮರ್ಮವನ್ನರಿತೇ, ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನು ಬೇರೆಬೇರೆ ಕಂಪನಗಳಿಗೆ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಅಕ್ಷರ ನುಂಗುವ ಮಗುವನ್ನು ಗದರುವ ಮುನ್ನ ಅದರ ಕಿವಿಯ ಪರೀಕ್ಷೆಯಾಗಲಿ.