ನಿಮಗಿದು ಗೊತ್ತೇ? ಎರಿಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಭಾರ

● ತೊಲೆಗೆ ಹಗ್ಗದ ಬಲೆ ಕಟ್ಟಿ, ಬೆಕ್ಕಿಗೆ ಸಿಗದ ಹಾಗೆ ಹಾಲು-ಮೊಸರಿನ ಗಡಿಗೆ ಇಡುತ್ತಿದ್ದರಲ್ಲ, ಆ ನೆಲುವು ನೆನಪಿದೆಯೇ? ಇಂದು ಅಂಗಡಿಗಳಲ್ಲಿ 'ಮ್ಯಾಕ್ರಮೆ ಹ್ಯಾಂಗರ್' ಎಂದು ಮಾರುವುದು ಹೆಚ್ಚುಕಡಿಮೆ ಅದನ್ನೇ. ಗಡಿಗೆಯ ಜಾಗಕ್ಕೆ ಗಿಡ ಬಂತು, ಬೆಕ್ಕಿನ ಆಸೆ ಹೋಯಿತು.

● ಗಿಡದ ಬುಟ್ಟಿ ತೂಗಿಸುವುದು ಹೊಸ ಶೋಕಿಯಲ್ಲ. ಸುಮಾರು 3,500 ವರ್ಷಗಳ ಹಿಂದೆ ಈಜಿಪ್ತಿನ ರಾಣಿ ಹತ್ಶೆಪ್ಸುತ್ ಪುಂಟ್ ಎಂಬ ನಾಡಿನಿಂದ ಧೂಪದ ಮರಗಳನ್ನು ಬೇರುಸಮೇತ ತರಿಸಿದಳು. ಬುಟ್ಟಿಯಲ್ಲಿಟ್ಟ ಮರಗಳನ್ನು ಆಳುಗಳು ಹೆಗಲ ಮೇಲಿನ ಬಡಿಗೆಗೆ ತೂಗಿಸಿಕೊಂಡು ಒಯ್ಯುವ ಚಿತ್ರ ದೇರ್ ಅಲ್-ಬಹ್ರಿಯ ಗುಡಿಯ ಗೋಡೆಯ ಮೇಲೆ ಇಂದಿಗೂ ಇದೆ.

● ಬ್ಯಾಬಿಲೋನಿನ ತೂಗುತೋಟ ಮಾತ್ರ ತೂಗುತ್ತಿರಲಿಲ್ಲ! ಹಳೆಯ ಬರಹಗಾರರು ವರ್ಣಿಸಿದ್ದು ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದ ತೋಟವನ್ನು. ಬ್ಯಾಬಿಲೋನ್ ಅಗೆದವರಿಗೆ ಅದರ ಖಚಿತ ಕುರುಹು ಸಿಕ್ಕಿಲ್ಲ. ಮುಂಬೈಯ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್‌ನಲ್ಲೂ ತೂಗುವುದೇನಿಲ್ಲ. ಅದು ನೀರಿನ ದೊಡ್ಡ ಟಾಕಿಯ ಮೇಲೆ ಮಣ್ಣು ಹಾಸಿ ಬೆಳೆಸಿದ ತೋಟ.

● ಮರಾಠಿಯಲ್ಲಿ ಹೂಕುಂಡಕ್ಕೆ ಏನೆನ್ನುತ್ತಾರೆ? 'ಕುಂಡೀ'. ಸಾಂಗ್ಲಿ, ಮಿರಜದ ನರ್ಸರಿಯಲ್ಲಿ ಧಾರಾಳವಾಗಿ ಕೇಳಿ. ಮಹಾಲಿಂಗಪುರಕ್ಕೆ ಬಂದು ಅದೇ ಪದದಲ್ಲಿ "ದೊಡ್ಡದು ಐತೇನ್ರೀ?" ಎಂದು ಕೇಳಿದರೆ ಆಗುವ ಪಜೀತಿಗೆ ಅಂಕಣಕಾರ ಹೊಣೆಯಲ್ಲ.

● ಇನ್ನು ಮುಖ್ಯ ಮಾತು. ಮಹಾಲಿಂಗಪುರ, ಮುಧೋಳ, ಜಮಖಂಡಿ ಸುತ್ತಲಿನ ಎರಿಮಣ್ಣಿನಲ್ಲಿ ಕಬ್ಬು ಆಳೆತ್ತರ ಬೆಳೆಯುತ್ತದೆ. ಅದೇ ಮಣ್ಣನ್ನು ಬುಟ್ಟಿ ತುಂಬಾ ತಂದು ಕುಂಡಕ್ಕೆ ಸುರಿದರೆ ಗುಲಾಬಿ ಎರಡೇ ತಿಂಗಳಲ್ಲಿ ಸೊರಗುತ್ತದೆ. ಯಾಕೆ? ಎರಿಯಲ್ಲಿರುವ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದರಿಂದಲೇ. ಹೊಲದಲ್ಲಿ ಆ ಬಿರುಕು ಒಳ್ಳೆಯದೇ ಮಾಡುತ್ತದೆ: ಮೇಲಿನ ಪುಡಿಮಣ್ಣು ಅದರೊಳಗೆ ಬಿದ್ದು, ಭೂಮಿ ತನ್ನನ್ನು ತಾನೇ ಹರಗಿಕೊಳ್ಳುತ್ತದೆ. ಕುಂಡದಲ್ಲಿ ಹಾಗಲ್ಲ. ಮಣ್ಣು ಒಳಗೆ ಇಟ್ಟಂಗಿಯಾಗಿ ಕುಗ್ಗಿ ಕುಂಡದ ಗೋಡೆಯಿಂದ ಬಿಡುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ಬುಡದ ತೂತಿನಿಂದ ಹೊರಗೆ! ನೀರು ಹರಿಯಿತಲ್ಲ, ಗಿಡ ಕುಡಿಯಿತು ಎಂದು ನಾವು ತಿಳಿಯುತ್ತೇವೆ. ನಡುವಿನ ಹೆಂಟೆ ಮಾತ್ರ ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಉಬ್ಬಿದ ಮಣ್ಣಿನಲ್ಲಿ ಗಾಳಿ ಆಡದೆ ಬೇರು ಕೊಳೆಯುತ್ತದೆ. ಹಾಗಾಗಿ ಕುಂಡಕ್ಕೆ ಮಸಾರಿ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಇರಲಿ. ಎರಿ ಹಾಕಲೇಬೇಕೆಂದರೆ ಒಂದು ಹಿಡಿ, ಸಾಕು.

● ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎನ್ನುವುದು ಬರೀ ನಂಬಿಕೆ. ಸಣ್ಣ ಕಣದ ಮಣ್ಣು ತಾನು ತೊಯ್ದು ತಪ್ಪಡಿಯಾಗುವವರೆಗೆ ಕೆಳಗಿನ ಜಲ್ಲಿಗೆ ನೀರು ಬಿಡುವುದಿಲ್ಲ. ಅಂದರೆ ಜಲ್ಲಿ ಹಾಕಿದಷ್ಟೂ ಹಸಿ ಪದರ ಬೇರಿನ ಹತ್ತಿರ ಮೇಲೇರುತ್ತದೆ. ತೂತು ಮುಚ್ಚಲು ಒಂದು ಮಡಕೆಯ ಚೂರು ಬೋರಲು ಹಾಕಿದರೆ ಸಾಕು.

● ಹರವಿಯ ನೀರು ತಣ್ಣಗಿರುವುದಕ್ಕೂ ಮಣ್ಣಿನ ಕುಂಡದಲ್ಲಿ ಬೇರು ತಂಪಾಗಿರುವುದಕ್ಕೂ ಕಾರಣ ಒಂದೇ. ಗೋಡೆಯಲ್ಲಿ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖ ಒಯ್ಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಈ ಭಾಗ್ಯವಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಅದರ ಹೊರಮೈ ಮುಟ್ಟಿ ನೋಡಿ, ಗೊತ್ತಾಗುತ್ತದೆ.

● ಮಣ್ಣಿನ ಕುಂಡದ ಹೊರಗೆ ಬೆಳ್ಳಗೆ ಹತ್ತುವ ಪುಡಿ ಬೂಷ್ಟಲ್ಲ, ಉಪ್ಪು. ಬೋರಿನ ಗಡಸು ನೀರು ಆವಿಯಾಗಿ ಬಿಟ್ಟುಹೋದದ್ದು. ಘಟಪ್ರಭೆಯ ಕಾಲುವೆಯ ಕೆಳಗೆ ನೀರು ಜಾಸ್ತಿಯಾಗಿ ಹೊಲಗಳು ಸವಳಾದ ಕಥೆ ರೈತರಿಗೆ ಗೊತ್ತೇ ಇದೆ. ನಿಮ್ಮ ಕುಂಡದಲ್ಲಿ ನಡೆಯುವುದೂ ಅದರ ಸಣ್ಣ ರೂಪ. ಮಳೆ ಬಂದಾಗ ಕುಂಡಗಳನ್ನು ಹೊರಗಿಡಿ. ಉಪ್ಪು ತೊಳೆದು ಹೋಗುತ್ತದೆ, ದುಡ್ಡೂ ಇಲ್ಲ.

● ಒಂದು ಘನ ಅಡಿ ತೊಯ್ದ ಮಣ್ಣಿನ ತೂಕ ಸುಮಾರು 50 ಕಿಲೋ. ಐದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಎಂದರೆ ಮಾಳಿಗೆಯ ಮೇಲೆ ಕಾಲು ಟನ್! ಗೋಡೆ, ತೊಲೆ ಇರುವ ಕಡೆಗೇ ಇಡಿ, ನಡು ಸ್ಲ್ಯಾಬಿನ ಮೇಲೆ ಬೇಡ. ತೂಗುಬುಟ್ಟಿಗಂತೂ ನಾರಿನ ಪುಡಿಯೇ ಹೆಚ್ಚಿರಲಿ. ಆ ಪುಡಿಯ ಐದು ಕಿಲೋದ ಒಣ ಇಟ್ಟಿಗೆಯೊಂದನ್ನು ನೀರಿನಲ್ಲಿ ನೆನೆಸಿದರೆ 60 ಲೀಟರಿಗೂ ಹೆಚ್ಚು ಉಬ್ಬುತ್ತದೆ.

● ಬನಹಟ್ಟಿ-ರಬಕವಿಯ ಹತ್ತಿನೂಲು ಸೀರೆಗಷ್ಟೇ ಅಲ್ಲ. ನಾಲ್ಕೈದು ಎಳೆ ಹೊಸೆದು ಬತ್ತಿ ಮಾಡಿ, ಒಂದು ತುದಿ ನೀರಿನ ಬಾಟಲಿಯಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ ಹೂತರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ನೀರು ಎಳೆಯುತ್ತದೆ. ಊರಿಗೆ ಹೋದಾಗ ಅನುಕೂಲ. ಆದರೆ ಹತ್ತಿಯ ಹಗ್ಗದಲ್ಲಿ ಬುಟ್ಟಿ ತೂಗುಬಿಡಬೇಡಿ, ನೀರು-ಬಿಸಿಲಿಗೆ ಕೊಳೆತು ಒಂದು ದಿನ ತಲೆಯ ಮೇಲೆ ಬರುತ್ತದೆ.

● ಮನಿ ಪ್ಲಾಂಟ್ ತೂಗುಬಿಟ್ಟರೆ ಎಲೆ ಸಣ್ಣದೇ ಉಳಿಯುತ್ತದೆ. ಅದೇ ಬಳ್ಳಿ ಮರ ಹತ್ತಿದರೆ ಎಲೆ ಎರಡಡಿ ದಾಟುತ್ತದೆ! ಮೇಲೆ ಹತ್ತುವುದೇ ಅದಕ್ಕೆ ಪ್ರಾಯ. ಹುಟ್ಟೂರು ಶಾಂತ ಸಾಗರದ ಮೊರಿಯಾ ದ್ವೀಪ. ಹೂ ಬಿಡುವುದು ಮಾತ್ರ ಮಹಾ ಅಪರೂಪ. ಹಣ ತರುವುದು? ಆ ಬಗ್ಗೆ ನಮ್ಮ ಮನೆಯ ಅನುಭವ ನಿರಾಶಾದಾಯಕ.

● ತೂಗುಬುಟ್ಟಿಗೆ ನಮ್ಮ ಬಿಸಿಲಿನಲ್ಲಿ ನನ್ನ ಮತ ಟೇಬಲ್ ರೋಜ್‌ಗೆ. ಹತ್ತರ ಹೊತ್ತಿಗೆ ಅರಳಿ ಸಂಜೆಯೊಳಗೆ ಮುದುಡುವ ಈ ಹೂ, ಹೊಲದಲ್ಲಿ ಕಿತ್ತು ಪಲ್ಯ ಮಾಡುವ ಗೋಳಿ ಸೊಪ್ಪಿನ ಬಳಗ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಒಂದು ದಿನ ನೀರು ಮರೆತರೂ ಮುನಿಸಿಲ್ಲ.

● ದಸರೆಗೆ ಘಟ್ಟ ಹಾಕುವುದೂ ಕುಂಡದ ಬೇಸಾಯವೇ. ಹೊಲದ ಮಣ್ಣು ಹಾಸಿ, ಕಾಳು ಬಿತ್ತಿ, ನಡುವೆ ಗಡಿಗೆ ಇಟ್ಟು ಒಂಬತ್ತು ದಿನ ನೀರು ಚಿಮುಕಿಸುತ್ತೇವೆ. ಸಸಿ ಹಳದಿಯಾಗಿ ಏಳುವುದು ದೇವರ ಕೋಣೆಯಲ್ಲಿ ಬೆಳಕು ಕಡಿಮೆ ಇರುವುದರಿಂದ. ಬೆಳಕಿಲ್ಲದೆ ಹಸಿರು ಹುಟ್ಟದು.

● ಬೆಲ್ಲದ ಪೇಟೆಯಾದ ಮಹಾಲಿಂಗಪುರದವರಿಗೆ ಗೊಬ್ಬರದ ಚಿಂತೆ ಯಾಕೆ? ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗೋಮೂತ್ರ, 100 ಗ್ರಾಂ ಕಪ್ಪು ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಚಿಟಿಕೆ ಬದುವಿನ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟರೆ ಜೀವಾಮೃತ. ಕುಂಡದ ಮಣ್ಣಿನ ಮೇಲೆ ಕಬ್ಬಿನ ರವದಿ ಹೊದಿಸಿದರೆ ಹಸಿ ಬೇಗ ಆರದು.

● ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವಷ್ಟು ಬೆಳೆಯಲು ಒಂದು ವಾರದಿಂದ ಹತ್ತು ದಿನ ಸಾಕು. ಅದರ ಮೊಟ್ಟೆ ಒಣ ತಟ್ಟೆಗೆ ಅಂಟಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ಸುಮ್ಮನಾಗಬೇಡಿ, ತೆಂಗಿನ ನಾರಿನಿಂದ ತಟ್ಟೆಯನ್ನು ತಿಕ್ಕಿ ತೊಳೆಯಿರಿ.