ಕಪ್ಪತಗುಡ್ಡಕ್ಕೆ ಎಷ್ಟುದ್ದದ ಅಲೆ ಬೇಕು?

2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ ನೆಲದ ಏರುತಗ್ಗುಗಳನ್ನು ಅಳೆಯಿತು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡವೂ ಆ ನಕ್ಷೆಯಲ್ಲಿ ಬಂತು. ಅಳೆದದ್ದು ರೇಡಾರ್. ನೌಕೆಯೊಳಗೊಂದು ಆಂಟೆನಾ, 60 ಮೀಟರ್ ಆಚೆಗೆ ಚಾಚಿದ ತೊಲೆಯ ತುದಿಯಲ್ಲಿ ಇನ್ನೊಂದು.

ಎರಡು ಯಾಕೆ? ಒಂದೇ ಆಂಟೆನಾಗೆ ತಿಳಿಯುವುದು ದೂರ ಮಾತ್ರ. ಗುಡ್ಡದ ಮೇಲಿನ ಗಾಳಿಯಂತ್ರದ ತುದಿ ಅದರ ಬುಡಕ್ಕಿಂತ ರೇಡಾರಿಗೆ ಹತ್ತಿರವಿರುವುದರಿಂದ, ಚಿತ್ರದಲ್ಲಿ ಕಂಬವೇ ರೇಡಾರಿನ ಕಡೆಗೆ ಒರಗಿದಂತೆ ಮೂಡುತ್ತದೆ. ಅದೇ ಮಾರ್ದನಿಯನ್ನು ಎರಡು ಕಡೆ ಹಿಡಿದರೆ, ಅಲೆ ಒಂದರಲ್ಲಿ ಇನ್ನೊಂದಕ್ಕಿಂತ ಎಷ್ಟು ಹಿಂದೆ ಬಿತ್ತೆಂಬ ಲೆಕ್ಕ ಸಿಗುತ್ತದೆ. ಎತ್ತರ ಹೊರಡುವುದು ಆ ಲೆಕ್ಕದಿಂದ.

ಇಲ್ಲಿ ಕಿರಿದಾದ ಅಲೆ, ಅಂದರೆ ಹೆಚ್ಚಿನ ಆವರ್ತನ, ಒತ್ತೊತ್ತಾಗಿ ಗೆರೆ ಹಾಕಿದ ಅಳತೆಪಟ್ಟಿಯಂತೆ. ಆಂಟೆನಾಗಳ ನಡುವಿನ ಅಂತರ ಅಷ್ಟೇ ಇದ್ದರೂ ಎತ್ತರದ ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಮೇಲಿನ ಆವರ್ತನಗಳಲ್ಲಿ ಅಗಲವಾದ ಬ್ಯಾಂಡ್ ಸುಲಭವಾಗಿ ಸಿಗುತ್ತದೆ. 150 ಮೆಗಾಹರ್ಟ್ಸ್ ಅಗಲ ಸಿಕ್ಕರೆ ರೇಡಾರಿನ ನೋಟದ ದಿಕ್ಕಿನಲ್ಲಿ ಒಂದು ಮೀಟರ್ ಅಂತರದ ವಸ್ತುಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಆದರೆ ಗುಡ್ಡ ಕಡಿದಾಗಿದ್ದರೆ ಅಲೆಯ ಸುತ್ತುಗಳು ಬೇಗಬೇಗ ಬಂದು ಎಣಿಕೆ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಎಲೆಯದು. ಎಂಡೆವರ್ ಬಳಸಿದ್ದು 5.6 ಮತ್ತು 3.1 ಸೆಂಟಿಮೀಟರ್ ಅಲೆಗಳನ್ನು. ಇವು ಪೊದೆಯ ಮೇಲ್ಭಾಗಕ್ಕೋ ಜೋಳದ ಎಲೆಗೋ ತಾಗಿ ಬಹುಮಟ್ಟಿಗೆ ಅಲ್ಲಿಂದಲೇ ಮರಳುತ್ತವೆ. ದಟ್ಟ ಹಸಿರಿದ್ದಲ್ಲಿ ಅಳತೆಗೆ ಸಿಗುವುದು ನೆಲವಲ್ಲ, ಗಿಡದ ನೆತ್ತಿ. ಎಲೆ ಗಾಳಿಗೆ ಅಲುಗುತ್ತಲೇ ಇರುವುದರಿಂದ ಇವತ್ತಿನ ಮಾರ್ದನಿಯನ್ನು ಮುಂದಿನ ವಾರದ್ದಕ್ಕೆ ಹೊಂದಿಸಲಾಗದು. ಹಾಗಾಗಿಯೇ ಎರಡೂ ಆಂಟೆನಾಗಳು ಒಂದೇ ಕ್ಷಣಕ್ಕೆ ಕೇಳಬೇಕಾಯಿತು, ಅಷ್ಟುದ್ದದ ತೊಲೆ ಬೇಕಾಯಿತು. ನನಗೆ ಇದು ರೇಡಾರ್ ವಿನ್ಯಾಸದ ಅತ್ಯಂತ ಸುಂದರ ಪರಿಹಾರಗಳಲ್ಲೊಂದು.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದ ದಾರಿ ಬೇರೆ. ಅದಕ್ಕೆ ತೊಲೆಯ ತುದಿಯಲ್ಲಿ ಎರಡನೇ ಆಂಟೆನಾ ಇಲ್ಲ. 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬಂದು ಹಳೆಯ ಮಾರ್ದನಿಯನ್ನು ಹೊಸದರೊಂದಿಗೆ ಹೋಲಿಸುತ್ತದೆ. ಅದರ ಮುಖ್ಯ ಕೆಲಸ ಎತ್ತರ ಅಳೆಯುವುದಲ್ಲ, ನೆಲ ಎಷ್ಟು ಸರಿಯಿತೆಂದು ನೋಡುವುದು. ಇಸ್ರೋದ ಎಸ್-ಬ್ಯಾಂಡ್ ರೇಡಾರಿನ ಅಲೆ ಸುಮಾರು 9 ಸೆಂಟಿಮೀಟರ್, ನಾಸಾದ ಎಲ್-ಬ್ಯಾಂಡ್ ರೇಡಾರಿನದು 24. ಉದ್ದದ ಅಲೆ ಎಲೆಗಳನ್ನು ದಾಟಿ ನೆಲ ಮುಟ್ಟುತ್ತದೆ, ಮೋಡಕ್ಕೂ ಅಂಜುವುದಿಲ್ಲ.

ನಮ್ಮ ಕಡೆಯ ಎರಿ ಹೊಲಕ್ಕೆ ಇದು ನೇರವಾಗಿ ಸಂಬಂಧಿಸಿದ್ದು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುವ ಮಣ್ಣು ಇದು; ಮನೆಯ ಗೋಡೆ, ಕಾಲುವೆಯ ಲೈನಿಂಗ್ ಸೀಳುವುದು ಈ ಚಲನೆಯಿಂದಲೇ. ಆದರೆ ಹಸಿ ಹೆಚ್ಚಾದರೂ ಮಾರ್ದನಿ ಬದಲಾಗುತ್ತದೆ, ಹಾಗಾಗಿ ಉಬ್ಬಿದ್ದೆಷ್ಟು, ನೆನೆದದ್ದೆಷ್ಟು ಎಂದು ಬೇರ್ಪಡಿಸಬೇಕು. ಇನ್ನು ಎರಡು ಚಿತ್ರಗಳ ನಡುವೆ ರೈತ ಕುಂಟಿ ಹೊಡೆದು ಹೊಲ ಹರಗಿಬಿಟ್ಟರೆ 24 ಸೆಂಟಿಮೀಟರ್ ಅಲೆಗೂ ಹೋಲಿಕೆ ಕಷ್ಟ. ಆ ಹೊಲದ ಲೆಕ್ಕವನ್ನು ಮುಂದಿನ ಸುತ್ತಿನಿಂದ ಹೊಸದಾಗಿ ಶುರುಮಾಡಬೇಕಾಗುತ್ತದೆ.